ಎಂ.ಎಸ್. ಎಂದು ತಿಳಿಸುವ ದಿನವೇ ವ್ಯಾಯಾಮದ ಮಾತೂ ಬರಲಿ

ಮಾನ್ಯ ಸಂಪಾದಕರೇ,

ಎಂ.ಎಸ್. ಎಂದು ಕರೆಯಲಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ತಮಗಿದೆ ಎಂದು ಹೊಸದಾಗಿ ತಿಳಿದವರಿಗೆ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಸಿಗುವ ಸಲಹೆ, ‘ಜಾಸ್ತಿ ಓಡಾಡಬೇಡಿ, ಮೈಗೆ ಶ್ರಮ ಕೊಡಬೇಡಿ’ ಎಂಬುದು. ಹೀಗೆ ಹೇಳುವವರು ಬಹುಪಾಲು ಮನೆಯವರು ಮತ್ತು ನೆಂಟರು. ಕೆಲವೊಮ್ಮೆ ಆಸ್ಪತ್ರೆಯವರೂ ಹೌದು. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಈ ರೋಗಿಗಳು ನಮ್ಮ ಬಳಿಗೆ ಬರುವುದು ಸಾಮಾನ್ಯವಾಗಿ ರೋಗ ಪತ್ತೆಯಾಗಿ ವರ್ಷಗಳು ಕಳೆದು, ಕಾಲು ಬಿಗಿದುಕೊಂಡು ನಡಿಗೆ ಕೆಟ್ಟ ಮೇಲೆ. ರೋಗದ ಹೆಸರು ತಿಳಿಸುವ ದಿನವೇ ಔಷಧಿ ಚೀಟಿಯ ಜೊತೆ ವ್ಯಾಯಾಮದ ಸಲಹೆಯನ್ನೂ ಬರೆದುಕೊಡುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಬರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ದೇಹದ ರೋಗನಿರೋಧಕ ವ್ಯವಸ್ಥೆಯು ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ತಂತುಗಳಿಗೆ ಹೊದಿಕೆಯಾಗಿರುವ ಮೈಲಿನ್ ಎಂಬ ಕವಚವನ್ನು ತಾನೇ ಹಾಳುಗೆಡಹುವುದರಿಂದ ಈ ಕಾಯಿಲೆ ಬರುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ. ನಮ್ಮ ಮಂಗಳೂರಿನಲ್ಲೇ ನಡೆದ ಸಮೀಕ್ಷೆಯೊಂದರ ಪ್ರಕಾರ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಈ ರೋಗವಿದೆ. ಇಷ್ಟು ವಿರಳವಾದ ಕಾರಣ, ಒಂದು ಕುಟುಂಬ ತನ್ನ ಬಳಗದಲ್ಲಿ ಇನ್ನೊಬ್ಬ ಎಂ.ಎಸ್. ರೋಗಿಯನ್ನು ಕಂಡಿರುವ ಸಾಧ್ಯತೆ ತೀರಾ ಕಡಿಮೆ. ನಮ್ಮ ಭಾಗದಲ್ಲಿ ಕೈಕಾಲು ಜೋಮು ಹಿಡಿದರೆ ಅದನ್ನು ಲಕ್ವಾ ಎಂದೇ ತಿಳಿಯುತ್ತಾರೆ, ಲಕ್ವಾ ಹೊಡೆದವರಿಗೆ ಮಾಡುವಂತೆಯೇ ಇವರನ್ನೂ ಮಂಚದ ಮೇಲೆ ಕೂರಿಸುತ್ತಾರೆ. ಆ ಕಾಳಜಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಇಪ್ಪತ್ತೈದರ ಹರೆಯದ, ಇನ್ನೂ ಚೆನ್ನಾಗಿ ನಡೆಯಬಲ್ಲ ಒಬ್ಬ ಹೆಣ್ಣುಮಗಳನ್ನು ಹೀಗೆ ಕೂರಿಸಿದರೆ, ಕಾಯಿಲೆ ಇನ್ನೂ ಕಸಿದುಕೊಳ್ಳದ ಶಕ್ತಿಯನ್ನು ನಾವೇ ಕಸಿದುಕೊಂಡಂತಾಗುತ್ತದೆ.

ಈ ಭಯಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲೂ ಒಂದು ಮೂಲವಿದೆ. 1890ರ ಸುಮಾರಿಗೆ ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್ ಅವರು, ಕೆಲವು ಎಂ.ಎಸ್. ರೋಗಿಗಳಿಗೆ ದೈಹಿಕ ಶ್ರಮದ ನಂತರ ದೃಷ್ಟಿ ಮಬ್ಬಾಗುವುದನ್ನು ಗಮನಿಸಿ ದಾಖಲಿಸಿದರು. ಇದಕ್ಕೆ ಕಾರಣ ಶ್ರಮವಲ್ಲ, ಶ್ರಮದಿಂದ ಏರುವ ಮೈಬಿಸಿ ಎಂಬುದು ಸ್ಪಷ್ಟವಾದದ್ದು ಬಹಳ ಕಾಲದ ನಂತರ: ಕವಚ ಕಳೆದುಕೊಂಡ ನರತಂತುವಿನಲ್ಲಿ ದೇಹದ ಉಷ್ಣತೆ ಸ್ವಲ್ಪ ಏರಿದರೂ ಸಂಕೇತಗಳು ತಡೆಗೊಳ್ಳುತ್ತವೆ, ಮೈ ತಣ್ಣಗಾದೊಡನೆ ಮತ್ತೆ ಹರಿಯುತ್ತವೆ, ಮತ್ತು ಇದರಿಂದ ನರಕ್ಕೆ ಹೊಸ ಹಾನಿಯೇನೂ ಆಗುವುದಿಲ್ಲ. ಎಂಆರ್‌ಐ ಬರುವ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗ ಗುರುತಿಸುವ ಕ್ರಮವೂ ಇತ್ತು. ಇಷ್ಟಾದರೂ ದಶಕಗಳ ಕಾಲ ‘ಎಂ.ಎಸ್. ಇದ್ದವರು ವ್ಯಾಯಾಮ ಮಾಡಬಾರದು’ ಎಂಬ ಸಲಹೆಯೇ ಚಾಲ್ತಿಯಲ್ಲಿತ್ತು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡವೊಂದು 15 ವಾರಗಳ ಏರೋಬಿಕ್ ತರಬೇತಿಯಿಂದ ಈ ರೋಗಿಗಳ ದೈಹಿಕ ಸಾಮರ್ಥ್ಯ ಮಾತ್ರವಲ್ಲ, ಜೀವನದ ಗುಣಮಟ್ಟವೂ ಸುಧಾರಿಸಿತೆಂದು ತೋರಿಸಿದ ಬಳಿಕ ತಜ್ಞರ ಅಭಿಪ್ರಾಯ ಬದಲಾಗತೊಡಗಿತು. ವ್ಯಾಯಾಮದಿಂದ ರೋಗ ಮರುಕಳಿಸುತ್ತದೆಂಬ ಅಂಜಿಕೆಗೆ 2014ರಲ್ಲಿ ಪ್ರಕಟವಾದ, 26 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಉತ್ತರ ನೀಡಿದೆ: ವ್ಯಾಯಾಮ ಮಾಡಿದವರಲ್ಲಿ ಮರುಕಳಿಕೆ ಶೇ 4.6, ಮಾಡದವರಲ್ಲಿ ಶೇ 6.3.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಹೊಸದಾಗಿ ರೋಗ ಪತ್ತೆಯಾದವರನ್ನೇ ಆರಿಸಿಕೊಂಡು ಡೆನ್ಮಾರ್ಕಿನಲ್ಲಿ 48 ವಾರಗಳ ಕಾಲ ನಡೆಸಿದ ಪ್ರಯೋಗದಲ್ಲಿ ವ್ಯಾಯಾಮದಿಂದ ದೈಹಿಕ ಸಾಮರ್ಥ್ಯ ಹೆಚ್ಚಿತೇ ಹೊರತು, ಮಿದುಳು ಕುಗ್ಗುವ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ವ್ಯಾಯಾಮವು ಔಷಧಕ್ಕೆ ಬದಲಿಯಲ್ಲ. ಯೋಗದಿಂದಲೇ ಎಂ.ಎಸ್. ಗುಣವಾಗುತ್ತದೆ ಎಂಬ ಮಾತು ನಂಬಿ ಇಂಜೆಕ್ಷನ್ ನಿಲ್ಲಿಸುವುದು ಮಂಚ ಹಿಡಿಯುವುದಕ್ಕಿಂತಲೂ ಅಪಾಯಕರ. ದಣಿವು, ಸ್ನಾಯುಬಲ, ನಡಿಗೆ, ಸಮತೋಲ, ಮನಸ್ಸಿನ ಖಿನ್ನತೆ ಇವುಗಳಲ್ಲಿ ವ್ಯಾಯಾಮದಿಂದ ಸಿಗುವ ಲಾಭವೇ ಅದನ್ನು ಶಿಫಾರಸು ಮಾಡಲು ಸಾಕಾಗುವಷ್ಟಿದೆ. ವಾರಕ್ಕೆ ಒಟ್ಟು 150 ನಿಮಿಷಗಳ ವ್ಯಾಯಾಮ ಅಥವಾ ದೈಹಿಕ ಚಟುವಟಿಕೆಯನ್ನು ಹಂತಹಂತವಾಗಿ ತಲುಪಬೇಕೆಂಬುದು 2020ರ ಅಂತರರಾಷ್ಟ್ರೀಯ ತಜ್ಞರ ಸಲಹೆ. ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿದರೂ ತಪ್ಪೇನಿಲ್ಲ.

ನಮ್ಮ ಕಡೆಯ ನಿಜವಾದ ತೊಡಕು ಬಿಸಿಲು. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ 40 ಡಿಗ್ರಿ ದಾಟುವ ಸೆಕೆಯಲ್ಲಿ ನಡೆಯಲು ಹೋದ ರೋಗಿಗೆ ಕಣ್ಣು ಮಬ್ಬಾಗಿ, ಕಾಲು ಸೋತರೆ, ಆತ ಮರುದಿನ ಹೊರಗೆ ಕಾಲಿಡುವುದಿಲ್ಲ. ಮನೆಯವರು ಇಡಲೂ ಬಿಡುವುದಿಲ್ಲ. ಹೀಗಾಗುತ್ತದೆಂದು ಮೊದಲೇ ತಿಳಿಸಿದ್ದರೆ ಆತ ಹೆದರುತ್ತಿರಲಿಲ್ಲ. ಬೆಳಗಿನ ಆರಕ್ಕೂ ಮೊದಲು ನಡೆಯುವುದು, ಕೊರಳಿಗೆ ಒದ್ದೆ ಬಟ್ಟೆ ಹಾಕಿಕೊಳ್ಳುವುದು, ತಣ್ಣೀರು ಜೊತೆಗಿಟ್ಟುಕೊಳ್ಳುವುದು, ನಡುನಡುವೆ ಕೂತು ಸುಧಾರಿಸಿಕೊಳ್ಳುವುದು, ಫ್ಯಾನಿನ ಕೆಳಗೆ ಗೋಡೆ ಹಿಡಿದು ಮಾಡುವ ವ್ಯಾಯಾಮ, ಇವೆಲ್ಲ ದುಡ್ಡಿಲ್ಲದ ಉಪಾಯಗಳು. ತಣ್ಣಗಾದ ಮೇಲೆ ಇಳಿಯುವ ತೊಂದರೆಗೂ, 24 ಗಂಟೆ ಮೀರಿ ಉಳಿಯುವ ಹೊಸ ತೊಂದರೆಗೂ ಇರುವ ವ್ಯತ್ಯಾಸವನ್ನು ರೋಗಿಗೆ ಕಲಿಸಲೇಬೇಕು. ಎರಡನೆಯದಾದರೆ ಕೂಡಲೇ ನರರೋಗ ತಜ್ಞರನ್ನು ಕಾಣಬೇಕು, ಮತ್ತು ಮರುಕಳಿಕೆ ತಹಬಂದಿಗೆ ಬಂದ ಮೇಲೆಯೇ ವ್ಯಾಯಾಮವನ್ನು ನಿಧಾನವಾಗಿ ಮುಂದುವರಿಸಬೇಕು.

ಹೆಂಗಸರ ವಿಷಯದಲ್ಲಿ ಒಂದು ವಿಚಿತ್ರವನ್ನು ಕಂಡಿದ್ದೇನೆ. ಸೊಸೆ ಸಂಜೆ ಹೊರಗೆ ನಡೆಯಲು ಹೊರಟರೆ ‘ಸುಸ್ತಾಗುತ್ತದೆ, ಬೇಡ’ ಎನ್ನುವ ಮನೆಯಲ್ಲೇ ಒಲೆಯ ಮುಂದೆ ಕೂತು ಎಲ್ಲರಿಗೂ ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ಶ್ರಮವೆಂದು ಲೆಕ್ಕ ಹಿಡಿಯುವುದಿಲ್ಲ. ಈ ರೋಗಕ್ಕೆ ಆಗದಿರುವುದು ಆ ಒಲೆಯ ಕಾವೇ. ಇನ್ನು ಅನೇಕರು ಮನೆಬಿಟ್ಟು ಹೊರಡದಿರಲು ಕಾರಣ ಕಾಲಲ್ಲ, ಮೂತ್ರ ತಡೆಯಲಾಗದ ತೊಂದರೆ. ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮೂತ್ರದ ಸೋಂಕು ತಂದುಕೊಳ್ಳುತ್ತಾರೆ. ನಗರದ ಉದ್ಯಾನಗಳಲ್ಲಿ ಬೀಗ ಹಾಕದ ಶೌಚಾಲಯ, ನೂರು ಹೆಜ್ಜೆಗೊಂದು ಬೆಂಚು ಇದ್ದರೆ ಇಂಥವರಿಗೆ ಜಿಮ್‌ಗಿಂತ ಹೆಚ್ಚು ಉಪಯೋಗವಾದೀತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಹೆಸರೂ ಇದೆ. ಆದರೆ ಅಂಗವಿಕಲತೆಯ ಪ್ರಮಾಣಪತ್ರ ಸಿಗುವ ಹಂತಕ್ಕೆ ಮುಟ್ಟುವ ಮೊದಲೇ ಈ ರೋಗಿಗಳಿಗೆ ನೆರವು ಬೇಕು. ಎಂ.ಎಸ್. ಪತ್ತೆಯಾದ ಪ್ರತಿಯೊಬ್ಬರನ್ನೂ ನರರೋಗ ವಿಭಾಗದವರು ತಿಂಗಳೊಳಗೆ ಒಮ್ಮೆ ಫಿಸಿಯೋಥೆರಪಿಗೆ ಕಳುಹಿಸಲಿ. ಬೆಂಗಳೂರಿಗೆ ಹೋಗಿ ರೋಗ ಪತ್ತೆ ಮಾಡಿಸಿಕೊಂಡು ಬಂದವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಅದನ್ನು ಮುಂದುವರಿಸುವಂತಾಗಲಿ. ಬಿಸಿಲು, ಮರುಕಳಿಕೆ, ವ್ಯಾಯಾಮದ ಆರಂಭದ ಹಂತಗಳನ್ನು ವಿವರಿಸುವ ಎರಡು ಪುಟದ ಕನ್ನಡ ಕೈಪಿಡಿಯೊಂದನ್ನು ಆರೋಗ್ಯ ಇಲಾಖೆ ನರರೋಗ ತಜ್ಞರಿಂದ ಬರೆಸಿ, ರೋಗಿಯ ಜೊತೆ ಬಂದವರ ಕೈಗೂ ಒಂದು ಪ್ರತಿ ಕೊಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಫಿಸಿಯೋಥೆರಪಿಸ್ಟ್, ಕಲಬುರಗಿ