ಸ್ವಾಗತ ಭಾಷಣಕ್ಕೆ ಮಾತ್ರ ಒಪ್ಪಬೇಡ

ಸಾಗರ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಮಳೆ ಹಿಡಿದ ಮೇಲೆ ಅಪ್ಪನ ಮಂಡಿನೋವು ಮತ್ತೆ ಶುರುವಾಗಿದೆ, ಆದರೂ ತೋಟಕ್ಕೆ ಹೋಗುವುದು ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ನೀನು, "ಲೈಬ್ರರಿಯನ್‌ಗಳ ಸಂಘಕ್ಕೆ ಕಾರ್ಯದರ್ಶಿ ಆಗು ಅಂತಿದಾರೆ, ನಾನು ಆಗಲ್ಲ ಅಂದೆ" ಎಂದವಳೇ ಮಗುವಿನ ಹಲ್ಲಿನ ವಿಷಯಕ್ಕೆ ಹಾರಿಬಿಟ್ಟೆ. ನಾನೂ ಹಲ್ಲಿನ ಮಾತೇ ಆಡಿದೆ. ಫೋನ್ ಇಟ್ಟ ಮೇಲೆ ಮಾತ್ರ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನಾನು ಕೆಲಸಕ್ಕೆ ಸೇರಿದ್ದು 1989ರಲ್ಲಿ. ನಮ್ಮ ಕಾಲೇಜಿನಲ್ಲಿ ಕನ್ನಡಕ್ಕೆ ಮೂವರು ಮೇಷ್ಟ್ರು, ಅರ್ಥಶಾಸ್ತ್ರಕ್ಕೆ ನಾಲ್ವರು. ಒಬ್ಬರಿಗೆ ಅನುಮಾನ ಬಂದರೆ ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದರು. ಲೈಬ್ರರಿಗೆ ನಾನೊಬ್ಬಳೇ, ಜೊತೆಗೆ ಒಬ್ಬ ಅಟೆಂಡರ್. ಮರುವರ್ಷ ಸ್ಟಾಕ್ ತಾಳೆ ನೋಡಿದಾಗ 137 ಪುಸ್ತಕ ಕಡಿಮೆ ಬಂದವು. ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ಸಂಬಳದಲ್ಲಿ ಹಿಡೀಬೇಕಾಗುತ್ತಮ್ಮ" ಎಂದರು. ನಿನಗೀಗ ನಗು ಬರಬಹುದು. 2017ರ ಕೇಂದ್ರದ ಹಣಕಾಸು ನಿಯಮದ 215ನೇ ಕಲಮು ನಿನಗೆ ಬಾಯಿಪಾಠ: ಓದಿಗೆ ಹೋದ ಪ್ರತಿ 1000 ಪುಸ್ತಕಕ್ಕೆ 5 ಕಳೆಯುವುದು ಸಹಜ, ಅದರಲ್ಲಿ ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು ಅಷ್ಟೆ. ಆದರೆ ಕಳೆದದ್ದನ್ನು ಲೆಕ್ಕದಿಂದ ತೆಗೆಯುವುದಕ್ಕೆ ಒಂದು ದಾರಿಯಿದೆ ಎಂಬುದೇ ಅಂದು ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಪಕ್ಕದಲ್ಲಿ ಕುರ್ಚಿಯೇ ಇಲ್ಲ.

ಆಗ ಬಂದವರು ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಲೈಬ್ರರಿಯನ್, ನಮ್ಮ ಸಂಘದ ಖಜಾಂಚಿ. ಬೇರೆ ಕಾಲೇಜುಗಳಲ್ಲಿ ಹೀಗಾದಾಗ ಏನು ಮಾಡಿದರೆಂಬ ಕಾಗದಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಳಗಿನ ಬಸ್ಸಿಗೆ ಬಂದು, ಎರಡು ದಿನ ನನ್ನ ಎದುರು ಕೂತರು. ಲೈಬ್ರರಿಗೆ ಬಂದ ಪುಸ್ತಕಗಳನ್ನೆಲ್ಲ ಏರಿಸುವ ಅಕ್ಸೆಷನ್ ರಿಜಿಸ್ಟರಿನ ಒಂದೊಂದು ನಂಬರನ್ನೂ ಅವರು ಓದುವುದು, ಯಾರು ಒಯ್ದರೆಂದು ಬರೆಯುವ ಇಶ್ಯೂ ರಿಜಿಸ್ಟರಿನಲ್ಲಿ ನಾನು ಹುಡುಕುವುದು. 137ರಲ್ಲಿ 60ಕ್ಕೂ ಹೆಚ್ಚು ಪುಸ್ತಕಗಳು ನಮ್ಮ ಮೇಷ್ಟ್ರುಗಳ ಮನೆಯಲ್ಲೇ ಇದ್ದವು! ಕೆಲವು ಬೈಂಡಿಂಗಿನವನ ಹತ್ತಿರ. ಉಳಿದವಕ್ಕೆ ಸಮಿತಿಯ ಮುಂದಿಡುವ ಟಿಪ್ಪಣಿಯನ್ನು ಅವರೇ ಹೇಳಿ ಬರೆಸಿದರು. ನನ್ನ ಸಂಬಳ ಉಳಿಯಿತು. ಬಸ್ ಚಾರ್ಜು ಕೊಡಹೋದರೆ ಮುಟ್ಟಲಿಲ್ಲ. "ಸಂಘದ ಕೆಲಸ ಅಲ್ವೇನಮ್ಮ" ಎಂದರು.

ಸಂಘ ಅಂದರೆ ನನಗೆ ಇವತ್ತಿಗೂ ಆ ಎರಡು ದಿನ. ಇದ್ದಲ್ಲೆಲ್ಲ ಒಂಟಿ ಇರುವವರು ನಾವು. ನಮ್ಮ ದೇಶದ ಲೈಬ್ರರಿ ವಿದ್ಯೆಗೇ ಗುರು ಎನಿಸಿದ ಸಾಕ್ಷಾತ್ ರಂಗನಾಥನ್ ಅವರಿಗೂ ಈ ಒಂಟಿತನ ಬಿಟ್ಟಿರಲಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು 1924ರ ಜನವರಿಯಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಯನ್ ಆಗಿ ಬಂದರು. ಕೆಲವೇ ದಿನಕ್ಕೆ ಬೇಸತ್ತು, ನನ್ನ ಪಾಠದ ಕೆಲಸವನ್ನೇ ವಾಪಸು ಕೊಡಿ ಎಂದು ಕೇಳಿಕೊಂಡು ಹೋಗಿದ್ದರಂತೆ. ಆಮೇಲೆ ಲಂಡನ್ನಿಗೆ ಹೋಗಿ ಬಂದು ಮನಸ್ಸು ನಿಂತಿತು. 1928ರಲ್ಲಿ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಶುರುವಾದಾಗ ಅವರು ಹಿಡಿದದ್ದು ಕಾರ್ಯದರ್ಶಿಯ ಕೆಲಸ, 1945ರವರೆಗೆ ಅದನ್ನೇ ಮಾಡಿದರು. ನಾವೆಲ್ಲ ಪರೀಕ್ಷೆಗೆ ಉರುಹೊಡೆದ ಐದು ಸೂತ್ರಗಳ ಪುಸ್ತಕವನ್ನು 1931ರಲ್ಲಿ ಹೊರತಂದದ್ದೂ ಅದೇ ಸಂಘ. 1948ರಲ್ಲಿ ಮದ್ರಾಸಿಗೆ ಗ್ರಂಥಾಲಯ ಕಾಯ್ದೆ ಬಂತಲ್ಲ, ಅದರ ಹಿಂದೆ ಇದ್ದದ್ದು ಇಪ್ಪತ್ತು ವರ್ಷದ ಮನವಿ, ಓಡಾಟ. ಮನವಿಗಳನ್ನು ಬರೆಯುವುದು ಯಾರು? ಕಾರ್ಯದರ್ಶಿ. ಅಧ್ಯಕ್ಷರ ಫೋಟೊ ಗೋಡೆಗೆ ಹೋಗುತ್ತದೆ, ಅದು ಬೇರೆ ಮಾತು.

ಈಗ ನನ್ನ ಕಥೆ. ಸಂಘದಲ್ಲಿ ಹನ್ನೊಂದು ವರ್ಷ ನನಗೆ ಸಿಕ್ಕಿದ ಜವಾಬ್ದಾರಿ ಪ್ರಾರ್ಥನೆ ಮತ್ತು ಸ್ವಾಗತ. ರಂಗನಾಥನ್ ಹುಟ್ಟುಹಬ್ಬವೆಂದು ಆಚರಿಸುವ ಆಗಸ್ಟ್ 12 ಬಂತೆಂದರೆ ಅವರ ಫೋಟೊಗೆ ಹಾರ, ನನ್ನ ಬಾಯಲ್ಲಿ ಗಜವದನ, ಆಮೇಲೆ ಗಂಡಸರ ಭಾಷಣ, ಉಪ್ಪಿಟ್ಟು, ಕೇಸರಿಬಾತು. ಹಾರದ ತಟ್ಟೆ ಹಿಡಿಯುವುದಕ್ಕೂ ನಾವೇ ಹೆಂಗಸರು. ನನ್ನನ್ನು ಯಾರೂ ತಡೆದಿರಲಿಲ್ಲ ಮಾರಾಯ್ತಿ, ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ನಾನೇ ಕೇಳಲಿಲ್ಲ. ಒಂದು ಸಲ ಖಜಾಂಚಿಗೆ ವರ್ಗವಾಗಿ, ಯಾರೂ ಮುಂದೆ ಬರದೆ ಸಭೆಯೆಲ್ಲ ಸುಮ್ಮನೆ ಕೂತಾಗ, ಸೆರಗಿಗೆ ಕೈ ಒರೆಸಿಕೊಂಡು "ನಾನು ನೋಡ್ಕೋತೀನಿ" ಎಂದೆ. ಅಷ್ಟೇ ನಡೆದದ್ದು.

ಪಾಸ್‌ಬುಕ್ ಕೈಗೆ ಬಂದಾಗ ಗೊತ್ತಾಯಿತು, ಖಾತೆ ನಿಂತುಹೋಗಿದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಆದಮೇಲೆ ಹೊಸ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕಲ್ಲ, ನಾಲ್ಕು ವರ್ಷದಿಂದ ಯಾರೂ ಕೊಟ್ಟಿರಲಿಲ್ಲ. ಬ್ಯಾಂಕಿನಲ್ಲಿ ಒಬ್ಬರ ಸಹಿ, ದಾಖಲೆಯಲ್ಲಿ ಇನ್ನೊಬ್ಬರ ಹೆಸರು. ಹಾರ ಹಾಕಿದ ಅಷ್ಟು ಜನರಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಹಳೇ ರಸೀತಿಗಳನ್ನೆಲ್ಲ ಮನೆಗೆ ತಂದು ನಡುಮನೆಯಲ್ಲಿ ಹರಡಿಕೊಂಡು ಕೂತಿದ್ದೆ. ನೀನು ಆಗ ನಾಲ್ಕನೇ ಕ್ಲಾಸು, ವೋಚರಿನ ಹಿಂದೆ ಆನೆ ಬಿಡಿಸಿದ್ದೆ. ಆಡಿಟರು ಆ ಆನೆಗೂ ಸೀಲು ಹಾಕಿದರು.

ಅದಕ್ಕೇ ಹೇಳುವುದು, ಒಪ್ಪುವ ಮೊದಲು ನಡಾವಳಿ ಪುಸ್ತಕ, ಪಾಸ್‌ಬುಕ್ಕು, ನೋಂದಣಿ ಪತ್ರ ಕಣ್ಣಿಗೆ ತೋರಿಸಿ ಅನ್ನು. ಮುಜುಗರ ಪಡಬೇಡ. ಕೊಡಲು ಹಿಂದೆಮುಂದೆ ನೋಡಿದರೆ ಅದರಲ್ಲೇ ನಿನಗೆ ಉತ್ತರ ಸಿಕ್ಕಿತು. "ನನಗೆ ಮೈಕಿನ ಮುಂದೆ ಮಾತು ಬರಲ್ಲ" ಎಂದೆಯಲ್ಲ, ಕಾರ್ಯದರ್ಶಿಗೆ ಮಾತು ಯಾಕೆ? ನೋಟಿಸು ವೇಳೆಗೆ ಹೋಗಬೇಕು, ಸಭೆ ನಡೆಸಲು ಬೇಕಾದಷ್ಟು ಜನ ಬಂದರೇ ಎಂದು ಕೋರಂ ಎಣಿಸಬೇಕು, ಯಾರು ಏನು ಹೇಳಿದರೆಂದು ಬರೆದು ಸಹಿ ಹಾಕಿಸಬೇಕು. ದಿನಕ್ಕೆ ನೂರು ಪುಸ್ತಕ ಕ್ಯಾಟಲಾಗ್ ಮಾಡುವವಳಿಗೆ ಇದು ಯಾವ ಮಹಾ?

ಒಂದನ್ನು ನಾನು ಯಾರಿಗೂ ಹೇಳಿಲ್ಲ. ಎರಡು ವರ್ಷ ಖಜಾಂಚಿ ಆಗಿ, ಆಮೇಲೆ ಒಂಬತ್ತು ವರ್ಷ ನಾನೇ ಕಾರ್ಯದರ್ಶಿ ಆಗಿದ್ದೆ. ಒಂಬತ್ತು ವರ್ಷ! ಎಲ್ಲವನ್ನೂ ನಾನೇ ಮಾಡಿದೆ, ಎಲ್ಲ ಫೈಲೂ ನನ್ನ ಬೀರುವಿನಲ್ಲಿ. ಹುಡುಗರಿಗೆ ಹೇಳಿಕೊಡುವುದಕ್ಕಿಂತ ಮಾಡಿ ಮುಗಿಸುವುದು ಸಲೀಸು ಅನಿಸುತ್ತಿತ್ತು. ಬಿಟ್ಟ ಮೇಲೆ ಎರಡೇ ವರ್ಷಕ್ಕೆ ಸಂಘ ಮಲಗಿತು. ಹೊಸಬರಿಗೆ ಆಸಕ್ತಿ ಇಲ್ಲ ಅಂತ ನಾನೇ ಎಲ್ಲರೆದುರು ದೂರಿದ್ದೇನೆ. ಆಸಕ್ತಿ ಇದ್ದ ಒಬ್ಬ ಹುಡುಗಿಯನ್ನು ನಾನು ಆರು ವರ್ಷ ಸ್ವಾಗತ ಭಾಷಣಕ್ಕೆ ಹಚ್ಚಿದ್ದು ನನಗೆ ಗೊತ್ತು. ನೀನು ಎರಡು ವರ್ಷ ಮಾತ್ರ ಎಂದು ಮೊದಲ ಸಭೆಯಲ್ಲೇ ಹೇಳಿಬಿಡು. ಜೊತೆಗೊಬ್ಬ ಸಹಕಾರ್ಯದರ್ಶಿಯನ್ನು ಇಟ್ಟುಕೋ, ಅವರ ಕೈಯಲ್ಲೂ ಬರೆಸು.

ಇನ್ನೊಂದು, ನಿಮ್ಮ ಸಂಘಕ್ಕೆ ಕಾಲೇಜಿನವರಷ್ಟೇ ಸದಸ್ಯರು ಅಂತಿದ್ದೆ. ನಮ್ಮ ರಾಜ್ಯದಲ್ಲಿ ಪಂಚಾಯ್ತಿ ಲೈಬ್ರರಿಗಳೇ 5000ಕ್ಕೂ ಮೇಲಿವೆ. ಈಗ ಅರಿವು ಕೇಂದ್ರ ಎಂದು ಬೋರ್ಡು ಹಾಕಿಕೊಂಡು ಪಂಚಾಯತ್ ರಾಜ್ ಇಲಾಖೆಯ ಕೆಳಗಿವೆ. ಅಲ್ಲಿನ ಮೇಲ್ವಿಚಾರಕರಿಗೆ ಅಟೆಂಡರ್ ಕೂಡ ಇಲ್ಲ, ಬೀಗ ತೆಗೆಯುವವರೂ ಅವರೇ, ಗುಡಿಸುವವರೂ ಅವರೇ. ನಮಗಿಂತ ಒಂಟಿ. ಅವರನ್ನೂ ಸೇರಿಸಿಕೊಳ್ಳಲು ಸಂಘದ ನಿಯಮಾವಳಿ, ಆ ಬೈಲಾ, ತಿದ್ದಬೇಕಾಗುತ್ತದೆ, ಜಗಳ ಆಗುತ್ತದೆ. ಆಗಲಿ.

ಮಗುವಿನ ನೆಪ ಹೇಳಬೇಡ. ಸಭೆ ಎರಡನೇ ಶನಿವಾರ ತಾನೇ? ಶುಕ್ರವಾರ ರಾತ್ರಿಯೇ ನಾನು ಹಾಸನಕ್ಕೆ ಬಂದುಬಿಡುತ್ತೇನೆ. ಅಳಿಯಂದಿರಿಗೆ ತಿಂಡಿಯ ಚಿಂತೆ ಬೇಡ ಅಂತ ಹೇಳು, ಅವರಿಗೂ ದೋಸೆ ಹುಯ್ಯಲು ಬರುತ್ತದೆ, ನಾನು ನೋಡಿದ್ದೇನೆ.

ಬಸ್ಸಿನಲ್ಲಿ ಪಾರ್ಸಲ್ ಕಳಿಸಿದ್ದೇನೆ. ನಮ್ಮ ಸಂಘದ ಹಳೇ ಬೈಲಾದ ಒಂದು ಪ್ರತಿ ಇದೆ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದೆಲ್ಲ ಆ ತೀರ್ಥಹಳ್ಳಿಯವರದು. ನಿಮ್ಮದರ ಜೊತೆ ಇಟ್ಟು ಓದಿ ನೋಡು. ಅಪ್ಪೆಮಿಡಿ ಜಾಡಿಯೂ ಅದರಲ್ಲೇ ಇದೆ. ಪ್ಲಾಸ್ಟಿಕ್ಕು ಎರಡು ಸುತ್ತು ಸುತ್ತಿದ್ದೇನೆ, ಆದರೂ ಮೊದಲು ಬೈಲಾ ಹೊರಗೆ ತೆಗಿ.

ನಿನ್ನ
ಅಮ್ಮ