ಆ ಕಪ್ಪು ತಟ್ಟೆ ಯಾರದ್ದು, ಹೇಳು ದೋಸ್ತ

ದೋಸ್ತ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಅಲ್ಲಾದರೆ ನೀನು ಓದಿ ಸುಮ್ನೆ ಇದ್ದುಬಿಡ್ತೀಯ. ಇಲ್ಲಿ ನಾಲ್ಕು ಜನ ನೋಡ್ತಿದ್ದಾರೆ, ಉತ್ತರ ಕೊಡಲೇಬೇಕು. ಎಮ್ಮೆ ಫೋಟೊ ವಿಷಯ ಮಾತ್ರ ಎತ್ತುವುದಿಲ್ಲ, ಚಾಚಾ ಮೇಲಾಣೆ.

ಬೀದರಿನಲ್ಲಿ ನಾವಿಬ್ಬರೂ ಸುತ್ತಿದ ದಿನಗಳ ಫೋಟೊಗಳನ್ನು ಕೊನೆಗೂ ತೊಗರಿಬೇಳೆ ಹಸನು ಮಾಡಿದ ಹಾಗೆ ಆರಿಸಲು ಕೂತೆ. ಹಾರ್ಡ್‌ಡಿಸ್ಕ್ ತುಂಬಿದೆ, ಬೇರೆ ದಾರಿ ಇರಲಿಲ್ಲ. ನಿನ್ನ ಕ್ಯಾನನ್ ಕ್ಯಾಮೆರಾದ ಕಾರ್ಡು, ನನ್ನ ನಿಕಾನಿನ ಕಾರ್ಡು ಎರಡನ್ನೂ ಆಗ ಒಂದೇ ಫೋಲ್ಡರಿಗೆ ಸುರಿದಿದ್ದೆವಲ್ಲ, ಹಾಗೇ ಇತ್ತು.

ಕೆಟ್ಟ ಫೋಟೊ ತೆಗೆದುಹಾಕುವುದರಲ್ಲಿ ಕಷ್ಟವೇನಿಲ್ಲ. ಕಷ್ಟ ಇರುವುದು ಚೆನ್ನಾಗಿರುವುದರಲ್ಲಿ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಗುಂಬಜುಗಳು ಸಂಜೆ ಬಿಸಿಲಿಗೆ ಸಾಲಾಗಿ ನಿಂತ ಫೋಟೊ ರಾಶಿ ಇವೆ. ಒಂದೂ ಕೆಟ್ಟಿಲ್ಲ, ಒಂದೂ ಬೇಕಾಗಿಲ್ಲ. ಅಲ್ಲಿಗೆ ಹೋದವರೆಲ್ಲ ಅದನ್ನೇ ತೆಗೀತಾರೆ. ಸಿಡಿಲು ಬಡಿದು ಅರ್ಧ ಬಿದ್ದ ಸುಲ್ತಾನ್ ಹುಮಾಯೂನ್ ಗೋರಿ (ದಿಲ್ಲಿಯ ಮೊಘಲನಲ್ಲ, ಬಹಮನಿಯವನು) ಇದೆಯಲ್ಲ, ಅದರ ಗುಂಬಜಿನ ದಪ್ಪ ಕಾಣುವ ಒಂದನ್ನು ಉಳಿಸಿದೆ. ಅಹಮದ್ ಷಾ ವಲಿ ಗೋರಿಯೊಳಗಿನ ಬಣ್ಣದ ಚಿತ್ತಾರದ್ದನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ಒಳಗೆ ಕತ್ತಲು, ಉಸಿರು ಬಿಗಿಹಿಡಿದು, ಕತ್ತು ಹಿಡಿದುಕೊಳ್ಳುವ ತನಕ ಮೇಲೆ ನೋಡಿ ತೆಗೆದದ್ದು. ಆದರೆ ಫೋಟೊದಲ್ಲಿ ಕತ್ತುನೋವು ಎಲ್ಲಿ ಕಾಣುತ್ತೆ? ಕಾಣೋದು ಬರೀ ನಾಯ್ಸು, ಕತ್ತಲಲ್ಲಿ ತೆಗೆದರೆ ಬರುವ ಆ ಕಾಳು ಕಾಳು ಚುಕ್ಕಿ.

ಫೋಟೊಗ್ರಾಫರ್ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ತೆಗೆದ ಸುಮಾರು 28,000 ಫೋಟೊಗಳಲ್ಲಿ ಪುಸ್ತಕಕ್ಕೆ ಉಳಿಸಿಕೊಂಡದ್ದು 83 ಅಂತ ನೀನು ಹೇಳಿದಾಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಇನ್ನೊಬ್ಬನ ಕತೆಯೂ ನೀನೇ ಹೇಳಿದ್ದು, ನ್ಯೂಯಾರ್ಕಿನ ಫೋಟೊಗ್ರಾಫರ್ ಗ್ಯಾರಿ ವಿನೋಗ್ರ್ಯಾಂಡ್. ಫಿಲ್ಮ್ ರೋಲುಗಳನ್ನು ಒಂದೆರಡು ವರ್ಷ ತೊಳೆಯದೆ ಇಡ್ತಿದ್ದನಂತೆ, ತೆಗೆಯುವಾಗಿನ ಖುಷಿ ಆರಿದ ಮೇಲೆ ನೋಡೋಣ ಅಂತ. 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲುಗಳೇ ಸುಮಾರು 2,500 ಇದ್ದವು. ನನಗೂ ಖುಷಿ ಆರಿದೆಯಲ್ಲ, ಯಾವುದು ಯಾರು ತೆಗೆದದ್ದು ಅನ್ನೋದೂ ಮರೆತಿದೆ, ಸರಿಯಾದ ಹೊತ್ತು ಅಂದುಕೊಂಡೆ. ಫೈಲಿನ ವಿವರ ನೋಡದೆ ನಕ್ಷತ್ರ ಕೊಡುತ್ತಾ ಹೋದೆ.

ಊರ ನಡುವಿನ ಗೋಪುರ ಚೌಬಾರದ ಹತ್ತಿರದ ಬಿದ್ರಿ ಅಂಗಡಿ ಬಂತು, ಸತುವಿನ ಪಾತ್ರೆಗೆ ಬೆಳ್ಳಿ ಚಿತ್ತಾರ ಕೂರಿಸುವ ಬೀದರಿನ ಕೆಲಸ. ಬೆಳ್ಳಿ ಕೂರಿಸಿದ ತಟ್ಟೆಗೆ ಕೋಟೆ ಮಣ್ಣು, ನವಸಾಗರ ಕಲಸಿ ಉಜ್ಜುತ್ತಿದ್ದರಲ್ಲ, ಸತು ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವ ಹೊತ್ತು. ಒಂದು ಫೋಟೊದಲ್ಲಿ ತಟ್ಟೆ ಅರ್ಧ ಕಪ್ಪು, ಅರ್ಧ ಬೂದಿ. ಬೆರಳುಗಳೆಲ್ಲ ಅಲುಗಿವೆ, ಹೆಬ್ಬೆರಳೊಂದು ನಿಂತಿದೆ, ಉಗುರಿನ ಸಂದಿಯಲ್ಲಿ ಮಣ್ಣು. ‘ಶಟರ್ ನಿಧಾನ ಇಟ್ಟು ಕಲೆ ಅನ್ನೋ ಶೋಕಿ ಇವನದ್ದೇ’ ಅಂತ ಒಂದು ನಕ್ಷತ್ರ ಕೊಟ್ಟೆ. ಪಕ್ಕದ್ದು ನೀಟಾಗಿತ್ತು. ಬೆಳ್ಳಿ ಬಳ್ಳಿಯ ಎಳೆ ಎಳೆಯೂ ಕಾಣ್ತಿತ್ತು. ನಂದೇ ಇರಬೇಕು ಅಂತ ನಾಲ್ಕು ಕೊಟ್ಟೆ.

ಆಮೇಲೆ ಸುಮ್ನೆ ವಿವರ ತೆಗೆದು ನೋಡಿದೆ. ಅಲುಗಿದ್ದು ನಿಕಾನ್. ನೀಟಾದದ್ದು ಕ್ಯಾನನ್.

ಅಲ್ಲಿಗೆ ಮೌಸ್ ಬಿಟ್ಟು ಎದ್ದೆ. ಅಷ್ಟು ಹೊತ್ತು ನಾನು ನಕ್ಷತ್ರ ಕೊಟ್ಟದ್ದು ಯಾವುದಕ್ಕೆ, ಹೇಳು? ಇದನ್ನು ಬರೆಯಬೇಕು ಅಂತಿರಲಿಲ್ಲ, ಬಾಯಿಗೆ ಬಂತು. ನೀನು ಬೆಂಗಳೂರಿಗೆ ಹೋದ ಮೇಲೆ ನಿನ್ನ ಮುಖ ನೆನೆಯದೆ ನಾನು ಒಂದು ಫೋಟೊವನ್ನೂ ಆರಿಸಿಲ್ಲ. ಇಷ್ಟವಾದರೆ, ಇವನು ಇದಕ್ಕೆ ಏನು ಹೆಸರಿಡ್ತಾನೋ ಅಂತ ಅಂಜಿಕೆ. ಇವನ ಹೊಟ್ಟೆ ಉರಿಯಲಿ ಅಂತಲೇ ಇಟ್ಟುಕೊಂಡವೂ ಇವೆ. ಇವೆರಡೂ ಇಲ್ಲದೆ ಒಂದು ಫೋಟೊ ನೋಡುವ ಕಣ್ಣು ನನಗಿದೆಯಾ ಅನ್ನೋದೇ ಈಗ ಅನುಮಾನ. ಮದುವೆ ಆಲ್ಬಮ್ ಆದರೆ ಸಲೀಸು, ಬೀಗರೇ ಕೂತು ಆರಿಸ್ತಾರೆ, ವರನ ಅವ್ವನ ಮುಖ ಬೆಳ್ಳಗೆ ಬಂದಿದ್ದರೆ ಪಾಸು.

ಹೋಗಲಿ ಬಿಡು, ಜಾಸ್ತಿ ಆಯ್ತು. ನಿನಗೆ ಸುಮ್ನೆ ಕೊಂಬು ಬರುತ್ತೆ. ಆ ಅಲುಗಿದ ತಟ್ಟೆಗೆ ಈಗ ಐದು ನಕ್ಷತ್ರ ಕೊಟ್ಟಿದ್ದೇನೆ. ನಂದು ಅಂತ ಗೊತ್ತಾದ ಮೇಲೆ ಏನು ಚಂದ ಕಾಣ್ತಿದೆ ಅಂತೀ! ನಿಂದನ್ನು ಎರಡಕ್ಕೆ ಇಳಿಸಿದ್ದೇನೆ. ತಕರಾರಿದ್ದರೆ ಕೆಳಗೇ ಬರಿ, ಎಲ್ಲರೂ ಓದಲಿ.

ನಿನ್ನ,
ನಿಕಾನ್ ಸಾಹೇಬ