ಬೆಲೆ ಇಡುವ ಮುಂಚೆ ಒಮ್ಮೆ ಓದಿ

ಕೈಯಲ್ಲಿ ಮಾಡಿದ ವಸ್ತುಗಳನ್ನು ಮಾರುವ ಎಲ್ಲರಿಗೂ ನಮಸ್ಕಾರ. ದಾರ, ಮಣಿ, ಬಟ್ಟೆಯ ಖರ್ಚನ್ನು ಎಲ್ಲರೂ ಸರಿಯಾಗಿ ಬರೆಯುತ್ತೀರಿ. ಬಿಟ್ಟುಹೋಗುವುದು ಕೂಲಿ. ಸಿಕ್ಕು ಬಿಡಿಸಿದ್ದು, ಅಂಚು ಹೊಲಿದಿದ್ದು, ಫೋಟೋ ತೆಗೆದಿದ್ದು, ಪ್ಯಾಕ್ ಮಾಡಿದ್ದು ಎಲ್ಲವೂ ಕೆಲಸವೇ ಅಲ್ವಾ? ಗಡಿಯಾರ ನೋಡಿ ಬರೆದಿಡಿ, ಗಂಟೆಗೆ ಇಷ್ಟು ಅಂತ ಕೂಲಿ ಹಿಡಿಯಿರಿ. ಹಾಳಾದ ತುಂಡುಗಳೂ ಲೆಕ್ಕಕ್ಕೆ ಬರಲಿ.

ಮಾರಿಕೊಡುವವರು ಹಿಡಿದುಕೊಳ್ಳುವ ಕಮಿಷನ್ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಮಾರುವ ಬೆಲೆಯ ಮೇಲೆ ಶೇಕಡಾ 20 ಕಡಿತ ಇದ್ದರೆ, ಕೈಗೆ 100 ಬರಲು 125 ಇಡಬೇಕು. 120 ಇಟ್ಟರೆ ಸಿಗುವುದು 96 ಮಾತ್ರ!

ಇನ್ನೊಬ್ಬರು ಕಡಿಮೆಗೆ ಕೊಡುತ್ತಾರೆಂದು ಸುಮ್ನೆ ಬೆಲೆ ಇಳಿಸಬೇಡಿ. ಚೌಕಾಸಿ ಜಾಸ್ತಿಯಾದರೆ ಚಿಕ್ಕ ಅಳತೆಯದು ತೋರಿಸಿ. ಬೆಲೆಪಟ್ಟಿ ಹಾಕುವಾಗ ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.